ಬೈಕಿನ ‘ಗುಂಯ್’ ಸದ್ದು: ಮೂಲ ಹುಡುಕುವ ಕ್ರಮ

‘ಇಂಜಿನ್ನಿಂದ ಗುಂಯ್ ಅಂತ ಶಬ್ದ ಉಂಟು ಮಾರಾಯ್ರೇ, ಒಮ್ಮೆ ನೋಡಿ.’ ಗ್ಯಾರೇಜಿಗೆ ಬರುವ ದೂರು ಹೆಚ್ಚಾಗಿ ಇಷ್ಟೇ. ಇಷ್ಟನ್ನೇ ನಂಬಿ ಇಂಜಿನ್ ಬಿಚ್ಚಿದರೆ ದುಡ್ಡೂ ಹೋಗುತ್ತದೆ, ಸದ್ದೂ ಉಳಿಯುತ್ತದೆ. ಸೀಟಿನ ಮೇಲೆ ಕೂತವರಿಗೆ ಇಂಜಿನ್, ಚೈನ್, ಚಕ್ರ ಎಲ್ಲವೂ ಕೇಳಿಸುವುದು ಕಾಲ ಬುಡದಿಂದಲೇ. ಹೆಲ್ಮೆಟ್ ಹಾಕಿದ ಮೇಲಂತೂ ದಿಕ್ಕೇ ತಿಳಿಯುವುದಿಲ್ಲ.

ಮೊದಲು ಸದ್ದಿನ ಜಾತಿ ಗೊತ್ತಾಗಬೇಕು. ಯಕ್ಷಗಾನ ನೋಡುವವರಿಗೆ ಇದನ್ನು ಹೇಳುವುದು ಸುಲಭ. ವಾಲ್ವ್ ತಳ್ಳುವ ಟಪ್ಪೆಟ್ ಸಡಿಲವಾದಾಗ, ಪಿಸ್ಟನ್ ಹಿಡಿದ ಕನೆಕ್ಟಿಂಗ್ ರಾಡಿನ ಬೇರಿಂಗ್ ಹೋದಾಗ ಬರುವುದು ಚೆಂಡೆಯ ಪೆಟ್ಟು, ಒಂದೊಂದಾಗಿ ಎಣಿಸಬಹುದು. ಇಲ್ಲಿ ಹೇಳಹೊರಟಿರುವುದು ಶ್ರುತಿಪೆಟ್ಟಿಗೆಯಂಥ ಸದ್ದು: ಎಡೆಬಿಡದೆ ಒಂದೇ ಸ್ವರ, ವೇಗ ಏರಿದಂತೆ ಏರುವ ಸ್ವರ. ಗೇರಿನ ಹಲ್ಲಿಗೆ ಹಲ್ಲು ಕೂಡುವಲ್ಲಿ, ಚೈನು ಸ್ಪ್ರಾಕೆಟ್ ಎಂಬ ಹಲ್ಲುಚಕ್ರದ ಮೇಲೆ ಕೂರುವಲ್ಲಿ, ಬೇರಿಂಗಿನ ಗುಂಡು ಉರುಳುವಲ್ಲಿ ಇದು ಹುಟ್ಟುತ್ತದೆ. ಇಂಜಿನ್ 4,000 ಆರ್‌ಪಿಎಂನಲ್ಲಿ ತಿರುಗುತ್ತಿದ್ದರೆ ಕ್ರ್ಯಾಂಕ್, ಅಂದರೆ ಪಿಸ್ಟನ್ ತಿರುಗಿಸುವ ಮುಖ್ಯ ದಂಡ, ಸೆಕೆಂಡಿಗೆ ಸುಮಾರು 67 ಸುತ್ತು ಹಾಕುತ್ತದೆ. ಅದರ ತುದಿಯಲ್ಲಿ ಕ್ಲಚ್‌ಗೆ ಶಕ್ತಿ ದಾಟಿಸುವ ಪ್ರೈಮರಿ ಗೇರಿಗೆ 20 ಹಲ್ಲಿದ್ದರೆ ಸೆಕೆಂಡಿಗೆ 1,300ಕ್ಕೂ ಹೆಚ್ಚು ಸಲ ಹಲ್ಲು ಕೂಡುತ್ತದೆ, ಅದು ತಾರಸ್ವರ. 18 ಇಂಚಿನ ಹಿಂದಿನ ಚಕ್ರ ಗಂಟೆಗೆ 50 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಏಳೂವರೆ ಸುತ್ತಿನ ಹತ್ತಿರ ತಿರುಗುತ್ತದೆ. ಸ್ಪ್ರಾಕೆಟ್‌ನಲ್ಲಿ 43 ಹಲ್ಲಿದ್ದರೆ ಚೈನಿನ ಸ್ವರ ಸೆಕೆಂಡಿಗೆ 320 ಸಲದ ಆಸುಪಾಸು, ಅಂದರೆ ಬಹಳ ಕೆಳಗೆ. ಸವೆದ ಬೇರಿಂಗಿಗೆ ಶುದ್ಧ ಸ್ವರವೇ ಇರುವುದಿಲ್ಲ, ಗುಂಯ್ ಜೊತೆಗೆ ಗರಗರವೂ ಬೆರೆತಿರುತ್ತದೆ.

ಹಾಗಾಗಿ ಪರೀಕ್ಷೆಯೆಲ್ಲ ನಿಂತಿರುವುದು ಒಂದೇ ಪ್ರಶ್ನೆಯ ಮೇಲೆ. ಸದ್ದು ಯಾವುದರ ಬೆನ್ನು ಹತ್ತಿದೆ, ಇಂಜಿನ್ ತಿರುಗುವ ವೇಗವನ್ನೋ, ಗಾಡಿ ಓಡುವ ವೇಗವನ್ನೋ? ಇದಕ್ಕೆ ಉತ್ತರ ಸಿಗುವವರೆಗೆ ಸ್ಪ್ಯಾನರ್ ಮುಟ್ಟಬೇಡಿ.

ಆಯಿಲ್ ಮಾತ್ರ ಮೊದಲೇ ನೋಡಿ

ಇಂಜಿನ್ ಎರಡು ಮೂರು ನಿಮಿಷ ಓಡಿಸಿ, ನಿಲ್ಲಿಸಿ, ಮತ್ತೆರಡು ಮೂರು ನಿಮಿಷ ಬಿಟ್ಟು, ಸಮತಟ್ಟು ನೆಲದಲ್ಲಿ ಗಾಡಿ ನೆಟ್ಟಗೆ ಹಿಡಿದು ಮಟ್ಟ ನೋಡಬೇಕು. ಸೈಡ್ ಸ್ಟ್ಯಾಂಡ್‌ನಲ್ಲಿ ನೋಡಿದ ಮಟ್ಟ ಸುಳ್ಳು. ಹೀರೋ, ಹೋಂಡಾದ ಸಣ್ಣ ಗಾಡಿಗಳಲ್ಲಿ ಡಿಪ್‌ಸ್ಟಿಕ್ ಒರೆಸಿ, ತಿರುಪದೆ ಸುಮ್ಮನೆ ಇಳಿಸಿ ತೆಗೆಯಬೇಕು. ಗಾಜಿನ ಕಿಟಕಿ ಇರುವ ಇಂಜಿನ್ನಿನಲ್ಲಿ ಎರಡು ಗೆರೆಗಳ ನಡುವೆ ಕಾಣಬೇಕು. 100–125 ಸಿಸಿ ಗಾಡಿಗಳಲ್ಲಿ ಒಟ್ಟು ಆಯಿಲೇ ಒಂದು ಲೀಟರಿನ ಹತ್ತಿರ. ಅದರಲ್ಲಿ 200 ಮಿ.ಲೀ. ಕಡಿಮೆಯಾದರೆ ಗೇರು, ಬೇರಿಂಗ್‌ಗಳಿಗೆ ಅದು ದೊಡ್ಡ ಕೊರತೆ.

ದಪ್ಪವೂ ಮುಖ್ಯ. ಹೀರೋ, ಹೋಂಡಾದ ಹಲವು ಗಾಡಿಗಳಿಗೆ 10ಡಬ್ಲ್ಯೂ-30, ಪಲ್ಸರ್‌ಗೆ 20ಡಬ್ಲ್ಯೂ-50, ರಾಯಲ್ ಎನ್‌ಫೀಲ್ಡ್‌ಗೆ 15ಡಬ್ಲ್ಯೂ-50 ಎಂದು ಕಂಪನಿಯೇ ಹೇಳುತ್ತದೆ. ತೆಳು ಆಯಿಲ್ ಹಾಕಿದರೆ ಪ್ರೈಮರಿ ಗೇರಿನ ಸ್ವರ ಎದ್ದು ಕೇಳುತ್ತದೆ. ಹಾಗೆಂದು ಸದ್ದು ಅಡಗಿಸಲು ದಪ್ಪ ಆಯಿಲ್ ಹಾಕುವುದು ಮೋಸದ ಚಿಕಿತ್ಸೆ; ಚಳಿ ಬಿಡದ ಇಂಜಿನ್ನಿನಲ್ಲಿ ಮೇಲಿರುವ, ವಾಲ್ವ್ ತೆರೆಸುವ ಕ್ಯಾಮ್‌ವರೆಗೆ ಆಯಿಲ್ ಏರುವುದು ತಡವಾಗುತ್ತದೆ. ಕಾರಿನ ಆಯಿಲ್ ಬೇಡ, ಡಬ್ಬಿಯ ಮೇಲೆ ಬೈಕ್ ಆಯಿಲಿನ ಗುರುತಾದ ಜಾಸೋ ಎಂಎ ಅಥವಾ ಎಂಎ2 ಎಂದಿರಬೇಕು, ಇಲ್ಲದಿದ್ದರೆ ಕ್ಲಚ್ ಜಾರುತ್ತದೆ. ವರ್ಷಕ್ಕೆ 3,500 ಮಿ.ಮೀ. ಮೀರಿ ಮಳೆ ಸುರಿಯುವ ಊರು ನಮ್ಮ ಮಂಗಳೂರು. ಕೊಟ್ಟಾರ ಚೌಕಿ, ಪಂಪ್‌ವೆಲ್ ಕಡೆಯ ನೆರೆನೀರಿನಲ್ಲಿ ಗಾಡಿ ಇಳಿಸಿದ್ದರೆ ಡಿಪ್‌ಸ್ಟಿಕ್ ಮೇಲೆ ಹಾಲು ಬೆರೆಸಿದ ಚಹಾದ ಬಣ್ಣ ಕಾಣುತ್ತದೆಯೇ ನೋಡಿ. ಕಂಡರೆ ಒಳಗೆ ನೀರು ಸೇರಿದೆ. ಆ ಆಯಿಲಿನಲ್ಲಿ ಇನ್ನೊಂದು ಕಿ.ಮೀ. ಕೂಡ ಓಡಿಸಬೇಡಿ.

ನಿಂತಲ್ಲೇ ಮಾಡುವ ಪರೀಕ್ಷೆ

ಬೆಳಿಗ್ಗೆ, ಎಕ್ಸ್‌ಪ್ರೆಸ್ ಬಸ್ಸುಗಳ ಹಾರ್ನ್ ಶುರುವಾಗುವ ಮೊದಲು ಮಾಡಿ. ಇಂಜಿನ್ ಬಿಸಿಯಾಗಿರಲಿ, ಗೇರ್ ನ್ಯೂಟ್ರಲ್‌ನಲ್ಲಿರಲಿ. ಆಕ್ಸಿಲರೇಟರ್ ನಿಧಾನಕ್ಕೆ ತಿರುಗಿಸಿ ಐಡಲ್‌ನಿಂದ 4,000 ಆರ್‌ಪಿಎಂವರೆಗೆ ಏರಿಸಿ, ಇಳಿಸಿ. ಸದ್ದು ಬರದಿದ್ದರೆ ನೇರವಾಗಿ ರಸ್ತೆಯ ಪರೀಕ್ಷೆಗೆ ಹೋಗಿ.

ಬಂದರೆ ಕ್ಲಚ್ ಉಪಯೋಗಕ್ಕೆ ಬರುತ್ತದೆ. ನ್ಯೂಟ್ರಲ್‌ನಲ್ಲಿ ಕ್ಲಚ್ ಬಿಟ್ಟಿರುವಾಗ ಅದರಿಂದ ಶಕ್ತಿ ಪಡೆಯುವ ಗೇರ್‌ಬಾಕ್ಸಿನ ದಂಡ, ಮೈನ್ ಶಾಫ್ಟ್, ಸುತ್ತುತ್ತಿರುತ್ತದೆ. ಈಗ ಬೈಕನ್ನು ನೆಲದ ಮೇಲೆ ನಿಲ್ಲಿಸಿ, ಬ್ರೇಕ್ ಒತ್ತಿ, ಕ್ಲಚ್ ಪೂರ್ತಿ ಹಿಡಿದು ಒಂದನೇ ಗೇರ್ ಹಾಕಿ. ಚಕ್ರ ನಿಂತಿರುವುದರಿಂದ ಮೈನ್ ಶಾಫ್ಟ್ ಕೂಡ ಸಂಪೂರ್ಣ ನಿಲ್ಲುತ್ತದೆ. ಸೆಂಟರ್ ಸ್ಟ್ಯಾಂಡ್ ಹಾಕಿ ಈ ಪರೀಕ್ಷೆ ಮಾಡಬೇಡಿ. ಆಯಿಲಿನ ಎಳೆತಕ್ಕೆ ಕ್ಲಚ್ ಹಿಡಿದಿದ್ದರೂ ಚಕ್ರ ತಿರುಗುತ್ತದೆ, ಉತ್ತರ ತಪ್ಪಾಗುತ್ತದೆ.

ಒಂದನೇ ಗೇರಿನಲ್ಲಿ ಕ್ಲಚ್ ಹಿಡಿದ ಕೂಡಲೇ ಸದ್ದು ನಿಂತರೆ ಮೈನ್ ಶಾಫ್ಟ್‌ನ ಬೇರಿಂಗ್ ಅಥವಾ ಅದರ ಮೇಲಿನ ಗೇರುಗಳ ಮೇಲೆ ಸಂಶಯ. ಹಾಗೇ ಮುಂದುವರಿದರೆ ಕ್ರ್ಯಾಂಕ್ ಬೇರಿಂಗ್, ಪ್ರೈಮರಿ ಗೇರ್, ಒಳಗೆ ಕ್ಯಾಮ್ ತಿರುಗಿಸುವ ಟೈಮಿಂಗ್ ಚೈನ್, ಆಯಿಲ್ ಪಂಪ್, ನಡುಕ ತಗ್ಗಿಸುವ ಬ್ಯಾಲೆನ್ಸರ್ ಇರುವ ಇಂಜಿನ್ನಾದರೆ ಅದರ ಗೇರು, ಇವುಗಳಲ್ಲಿ ಒಂದು. ಕ್ಲಚ್ ಹಿಡಿದಾಗಲೇ ಸದ್ದು ಹುಟ್ಟಿದರೆ ಪ್ರೆಷರ್ ಪ್ಲೇಟಿನ ನಡುವಿನ ಸಣ್ಣ ರಿಲೀಸ್ ಬೇರಿಂಗ್ ಒಣಗಿದೆ ಅಥವಾ ಸವೆದಿದೆ. ಇದು ಅಗ್ಗದ ಕೆಲಸ, ಕ್ಲಚ್ ಬದಿಯ ಕವರ್ ಬಿಚ್ಚಿದರೆ ಸಾಕು.

ಇನ್ನು ಜಾಗ ಹುಡುಕಲು ಒಂದಡಿ ಉದ್ದದ ಸ್ಕ್ರೂಡ್ರೈವರ್ ಸಾಕು. ತುದಿಯನ್ನು ಬೇರಿಂಗ್ ಇರುವ ಜಾಗದ ಲೋಹಕ್ಕೆ ಒತ್ತಿ, ಹಿಡಿಯನ್ನು ಕಿವಿಯ ಮುಂದಿನ ಎಲುಬಿಗೆ ತಾಗಿಸಿ. ಮ್ಯಾಗ್ನೆಟ್ (ಕ್ರ್ಯಾಂಕ್ ತುದಿಯಲ್ಲಿ ಕರೆಂಟ್ ಹುಟ್ಟಿಸುವ ಚಕ್ರ) ಕವರ್ ನಡು, ಕ್ಲಚ್ ಕವರ್ ನಡು, ಇಂಜಿನ್ನಿನ ಮೇಲ್ಭಾಗವಾದ ಹೆಡ್‌ನಲ್ಲಿ ಕ್ಯಾಮ್‌ನ ತುದಿ, ಮುಂದಿನ ಸ್ಪ್ರಾಕೆಟ್ ಹಿಂಬದಿ, ಈ ನಾಲ್ಕು ಕಡೆ ಕೇಳಿ ಹೋಲಿಸಿ. ಒಂದು ಕಡೆ ಕೇಳಿ ತೀರ್ಮಾನಿಸಿದರೆ ಎಲ್ಲವೂ ಕೆಟ್ಟಂತೆಯೇ ಕೇಳುತ್ತದೆ! ಕ್ಯಾಮ್ ತಿರುಗುವುದು ಕ್ರ್ಯಾಂಕಿನ ಅರ್ಧ ವೇಗದಲ್ಲಿ ಎಂಬುದೂ ನೆನಪಿರಲಿ. ಹೆಡ್‌ನಿಂದ ಬರುವ ಬೇರಿಂಗ್ ಸದ್ದು ಅದಕ್ಕೇ ಸ್ವಲ್ಪ ಕೆಳಸ್ವರದ್ದು. ಲುಂಗಿ, ಶಾಲು, ಸಡಿಲ ತೋಳಿನ ಅಂಗಿ ತೊಟ್ಟು ತಿರುಗುವ ಚಕ್ರದ ಹತ್ತಿರ ಬಗ್ಗಬೇಡಿ.

ರಸ್ತೆಯಲ್ಲಿ

ಸುರತ್ಕಲ್‌ನಿಂದ ಮೂಲ್ಕಿ, ಪಡುಬಿದ್ರಿ ಕಡೆಗೆ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಏರಿಳಿತ ಕಡಿಮೆ ಇರುವ ತುಂಡು ಆರಿಸಿ. ಹಿಂದೆ ವಾಹನ ಇಲ್ಲದಾಗ ನಾಲ್ಕನೇ ಗೇರಿನಲ್ಲಿ 50 ಕಿ.ಮೀ. ವೇಗ ಹಿಡಿದು ಕ್ಲಚ್ ಹಿಡಿಯಿರಿ, ಆಕ್ಸಿಲರೇಟರ್ ಬಿಡಿ. ಆರ್‌ಪಿಎಂ ಐಡಲ್‌ಗೆ ಇಳಿಯುತ್ತದೆ, ಗಾಡಿ ಓಡುತ್ತಲೇ ಇರುತ್ತದೆ. ಸ್ವರ ಇಂಜಿನ್ ಜೊತೆ ಕೆಳಗಿಳಿದರೆ ಮೂಲ ಇಂಜಿನ್ನಿನಲ್ಲಿದೆ. ಗಾಡಿಯ ವೇಗದ ಜೊತೆ ನಿಧಾನಕ್ಕೆ ಇಳಿದರೆ ಚೈನ್, ಚಕ್ರ, ಬ್ರೇಕ್, ಟಯರ್ ಅಥವಾ ಗೇರ್‌ಬಾಕ್ಸಿನಿಂದ ಹೊರಬರುವ ಶಾಫ್ಟಿನ ಬೇರಿಂಗ್. ಇಂಜಿನ್ ಆಫ್ ಮಾಡಿ ಇಳಿಜಾರಿನಲ್ಲಿ ಉರುಳಿಸಿ ನೋಡುವವರಿದ್ದಾರೆ. ಆಗುಂಬೆ ಘಾಟಿಯ 14 ತಿರುವುಗಳಲ್ಲಿ ಅಂಥ ಸಾಹಸ ಬೇಡ. ಕ್ಲಚ್ ಹಿಡಿಯುವುದೇ ಸಾಕು.

ಎರಡನೆಯ ಸುತ್ತಿನಲ್ಲಿ ಅದೇ 50ರ ವೇಗವನ್ನು ಮೂರನೇ, ನಾಲ್ಕನೇ, ಕೊನೆಯ ಗೇರಿನಲ್ಲಿ ಹಿಡಿದು ನೋಡಿ. ಒಂದೇ ಗೇರಿನಲ್ಲಿ ಮಾತ್ರ ಗುಂಯ್ ಎಂದರೆ ಆ ಗೇರಿನ ಜೋಡಿಯ ಹಲ್ಲು ಸವೆದಿದೆ ಅಥವಾ ಚುಕ್ಕೆ ಬಿದ್ದಿದೆ. ಎಲ್ಲ ಗೇರಿನಲ್ಲೂ ಇದ್ದರೆ ಬೇರಿಂಗ್ ಕಡೆ ತಿರುಗಿ. ಹಳೆಯ ನಾಲ್ಕು ಗೇರಿನ ಬುಲೆಟ್ ಮಾತ್ರ ಬೇರೆ. ಅದರ ಟಾಪ್ ಗೇರ್ ನೇರ, ಗೇರ್‌ಬಾಕ್ಸಿನ ಎರಡನೇ ದಂಡವಾದ ಲೇ ಶಾಫ್ಟಿಗೆ ಭಾರ ಬೀಳುವುದಿಲ್ಲ. ಒಂದು, ಎರಡು, ಮೂರರಲ್ಲಿ ಸದ್ದು ಮಾಡಿ ನಾಲ್ಕರಲ್ಲಿ ಸುಮ್ಮನಾದರೆ ಲೇ ಶಾಫ್ಟ್ ಎಂದು ಕಣ್ಣು ಮುಚ್ಚಿ ಹೇಳಬಹುದು.

ಭಾರವೂ ಸುಳಿವು ಕೊಡುತ್ತದೆ. ಉಡುಪಿಯಿಂದ ಮಣಿಪಾಲದ ಏರು ಹತ್ತುವಾಗ ಹೆಚ್ಚಾಗಿ, ಇಳಿಯುವಾಗ ಸ್ವರವೇ ಬದಲಾದರೆ ಅದು ಗೇರಿನ ಹಲ್ಲು; ಹಲ್ಲಿನ ಒಂದು ಮಗ್ಗುಲಿಗೆ ಭಾರ ಬೀಳುವುದು ಏರಿನಲ್ಲಿ, ಇನ್ನೊಂದು ಮಗ್ಗುಲಿಗೆ ಇಳಿಜಾರಿನಲ್ಲಿ. ಬೇರಿಂಗಿಗೆ ಈ ವ್ಯತ್ಯಾಸ ಅಷ್ಟಾಗಿ ಇಲ್ಲ. ಹೆಲ್ಮೆಟ್ ತೆಗೆಯದೆ ಸದ್ದು ಸ್ಪಷ್ಟವಾಗಿ ಕೇಳಬೇಕೆಂದರೆ ಕೆಂಪುಕಲ್ಲಿನ ಎತ್ತರದ ಕಾಂಪೌಂಡ್ ಗೋಡೆ ಇರುವ ಓಣಿಯಲ್ಲಿ ನಿಧಾನಕ್ಕೆ ಹೋಗಿ. ಗೋಡೆಗೆ ಬಡಿದು ಸದ್ದು ನಿಮ್ಮ ಕಡೆಗೇ ತಿರುಗುತ್ತದೆ. ಹೋಗುವಾಗ ಎಡಬದಿ, ಬರುವಾಗ ಬಲಬದಿ ಗೋಡೆಗೆ ಸಿಗುವಂತೆ ಮಾಡಿದರೆ ಯಾವ ಮಗ್ಗುಲಿನ ಸದ್ದೆಂದೂ ತಿಳಿಯುತ್ತದೆ.

ಟಯರ್ ಬಗ್ಗೆ ಒಂದೇ ಮಾತು. ಮಂಗಳೂರಿನ ಕಾಂಕ್ರೀಟ್ ರಸ್ತೆಯಲ್ಲಿ ಗುಂಯ್ ಎನ್ನುವ ಗಾಡಿ ಡಾಮರಿಗೆ ಇಳಿದ ಕ್ಷಣ ಸುಮ್ಮನಾದರೆ ಅದು ಟಯರ್–ರಸ್ತೆಯ ಮಾತುಕತೆ, ದೋಷವಲ್ಲ.

ಚೈನ್: ಮೊದಲ ಆರೋಪಿ

ಕರಾವಳಿಯಲ್ಲಿ ಗುಂಯ್ ಎಂದು ಬರುವ ಗಾಡಿಗಳಲ್ಲಿ ಮೊದಲು ಹಿಡಿಯಬೇಕಾದದ್ದು ಇದನ್ನೇ. ಸಮುದ್ರದ ಗಾಳಿಯ ಉಪ್ಪು ಒಂದು ಕಡೆ, ನಾಲ್ಕು ತಿಂಗಳ ಮಳೆ ಇನ್ನೊಂದು ಕಡೆ. ಮಲ್ಪೆ ಬಂದರಿನಿಂದಲೋ ಮಂಗಳೂರಿನ ದಕ್ಕೆಯಿಂದಲೋ ಮೀನಿನ ಕ್ರೇಟ್ ಹೊತ್ತು ತಿರುಗುವ ಬೈಕುಗಳಿಗಂತೂ ಕರಗಿದ ಐಸಿನ ಉಪ್ಪುನೀರು ನೇರ ಚೈನಿನ ಮೇಲೆ, ಹಿಂದಿನ ಹಬ್ಬಿನ ಮೇಲೆ ತೊಟ್ಟಿಕ್ಕುತ್ತದೆ. ಅಂಥ ಗಾಡಿಗೆ ದಿನದ ವ್ಯಾಪಾರ ಮುಗಿದ ಮೇಲೆ ಸಿಹಿನೀರು ಹೊಯ್ದು, ಒಣಗಿಸಿ, ಆಯಿಲ್ ಹಚ್ಚುವುದು ತಪ್ಪಬಾರದು. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧದ ಕಾಲದಲ್ಲಿ ಮೂಲೆಯಲ್ಲಿ ನಿಲ್ಲಿಸಿದ ಗಾಡಿ ಆಗಸ್ಟ್‌ನಲ್ಲಿ ಹೊರಟಾಗ ಗುಂಯ್‌ಗುಟ್ಟುವುದಕ್ಕೆ ಕಾರಣ ಹೆಚ್ಚಾಗಿ ತುಕ್ಕು ಹಿಡಿದು ಬಿಗಿದ ಕೊಂಡಿಗಳು.

ಎಲ್ಲಕ್ಕಿಂತ ಅಗ್ಗದ ಪರೀಕ್ಷೆ ಹೀಗಿದೆ. ಚೈನನ್ನು ಸೀಮೆಎಣ್ಣೆ ಅಥವಾ ಡೀಸೆಲ್‌ನಲ್ಲಿ ಬ್ರಷ್ ಅದ್ದಿ ತೊಳೆದು, ಒರೆಸಿ, 90 ನಂಬರ್ ಗೇರ್ ಆಯಿಲನ್ನು ಕೆಳಗಿನ ಸಾಲಿನ ಒಳಮಗ್ಗುಲಿಗೆ ಬೀಳುವಂತೆ ಬಿಟ್ಟು, ಚಕ್ರ ಕೈಯಿಂದ ತಿರುಗಿಸಿ. ಇಂಜಿನ್ ಆನ್ ಮಾಡಿ ಗೇರ್ ಹಾಕಿ ತಿರುಗಿಸುತ್ತ ಬಟ್ಟೆ ಹಿಡಿದು ಬೆರಳು ಕಳೆದುಕೊಂಡವರಿದ್ದಾರೆ. ಕೊಂಡಿಗಳಲ್ಲಿ ರಬ್ಬರ್ ಉಂಗುರ ಇರುವ ಓ-ರಿಂಗ್ ಚೈನಿಗೆ ಕಬ್ಬಿಣದ ಬ್ರಷ್, ಪೆಟ್ರೋಲ್ ಎರಡೂ ಬೇಡ. ಹತ್ತು ನಿಮಿಷ ಬಿಟ್ಟು ಎರಡು ಕಿ.ಮೀ. ಓಡಿಸಿ. ಸದ್ದು ಇಳಿದರೆ ಆರೋಪಿ ಸಿಕ್ಕಿಬಿದ್ದ.

ಬಿಗಿ ಚೈನ್ ಒಣ ಚೈನಿಗಿಂತ ಕೆಟ್ಟದ್ದು. ಕೆಳಗಿನ ಸಾಲಿನ ನಡುವೆ ಬೆರಳಿನಿಂದ ಮೇಲೆ ಕೆಳಗೆ ಆಡಿಸಿದಾಗ ಒಟ್ಟು 25ರಿಂದ 30 ಮಿ.ಮೀ. ಆಟ ಸಾಮಾನ್ಯ ಗಾಡಿಗಳಿಗೆ ಸರಿ. ನಿಮ್ಮ ಗಾಡಿಯ ಅಳತೆ ಹಿಂದಿನ ಚಕ್ರ ಹಿಡಿದ ತೋಳಾದ ಸ್ವಿಂಗ್ ಆರ್ಮ್‌ನ ಸ್ಟಿಕ್ಕರ್‌ನಲ್ಲೋ ಚೈನ್ ಕವರಿನಲ್ಲೋ ಇರುತ್ತದೆ. ಒಂದೇ ಕಡೆ ಅಳೆಯಬೇಡಿ. ಚಕ್ರ ಕಾಲು ಕಾಲು ಸುತ್ತು ತಿರುಗಿಸಿ ನಾಲ್ಕೈದು ಕಡೆ ನೋಡಿ, ಅತಿ ಬಿಗಿಯಾದ ಜಾಗಕ್ಕೆ ಹೊಂದಿಸಿ. ಸಡಿಲವಾದ ಜಾಗಕ್ಕೆ ಹೊಂದಿಸಿದರೆ ಇಬ್ಬರು ಕೂತಾಗ ಬಿಗಿಯಾದ ಜಾಗ ತಂತಿಯಂತಾಗುತ್ತದೆ. ಆ ಎಳೆತ ಹೋಗುವುದು ಮುಂದಿನ ಸ್ಪ್ರಾಕೆಟ್ ಹಿಂದಿರುವ ಗೇರ್‌ಬಾಕ್ಸ್ ಬೇರಿಂಗಿಗೆ. ಅಲ್ಲಿನ ಸೀಲಿನಿಂದ ಆಯಿಲ್ ಜಿನುಗುತ್ತಿದ್ದರೆ ಬಿಗಿ ಚೈನಿನ ಹಳೆಯ ಕತೆ ಅಲ್ಲಿ ಬರೆದಿದೆ ಎಂದೇ ತಿಳಿಯಿರಿ.

ಸವೆತ ಅಳೆಯಲು 428 ಅಳತೆಯ ಚೈನನ್ನು ಎಳೆದು ಹಿಡಿದು 21 ಪಿನ್ನುಗಳ ನಡುವಿನ ಅಂತರ ನೋಡಿ. ಹೊಸತರಲ್ಲಿ 254 ಮಿ.ಮೀ. ಇದು 259ರ ಹತ್ತಿರ ಬಂದರೆ ಚೈನ್, ಎರಡೂ ಸ್ಪ್ರಾಕೆಟ್ ಒಟ್ಟಿಗೇ ಬದಲಿಸಬೇಕು. ಚೈನ್ ಮಾತ್ರ ಹೊಸತು ಹಾಕಿ ಹಳೆಯ ಸ್ಪ್ರಾಕೆಟ್ ಉಳಿಸಿದರೆ ಗುಂಯ್ ಸದ್ದನ್ನು ದುಡ್ಡು ಕೊಟ್ಟು ತಂದಂತೆ. ಚಕ್ರ ಕೂರಿಸುವಾಗ ಎಡ–ಬಲ ಅಡ್ಜಸ್ಟರ್ ಗೆರೆಗಳು ಒಂದೇ ಮನೆಯಲ್ಲಿರಲಿ. ಒಂದು ಗೆರೆ ಆಚೀಚೆಯಾದರೂ ಚೈನ್ ಸ್ಪ್ರಾಕೆಟ್‌ನ ಮಗ್ಗುಲನ್ನು ಉಜ್ಜುತ್ತದೆ. ಸ್ಪ್ರಾಕೆಟ್ ಹಲ್ಲಿನ ಒಂದೇ ಬದಿ ಕನ್ನಡಿಯಂತೆ ಹೊಳೆಯುವುದು ಅದರ ಗುರುತು.

ಚಕ್ರದ ಬೇರಿಂಗ್

ಸೆಂಟರ್ ಸ್ಟ್ಯಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿ ಚಕ್ರ ತಿರುಗಿಸಿ, ಒಂದು ಕೈ ಸ್ವಿಂಗ್ ಆರ್ಮ್ ಮೇಲೆ ಇಡಿ. ಕೆಟ್ಟ ಬೇರಿಂಗಿನ ಗರಗರ ಕಿವಿಗಿಂತ ಮೊದಲು ಅಂಗೈಗೆ ತಿಳಿಯುತ್ತದೆ. ಚಕ್ರವನ್ನು ಮೇಲೂ ಕೆಳಗೂ ಹಿಡಿದು ಅಡ್ಡಕ್ಕೆ ಅಲುಗಾಡಿಸಿ. ಕಟ್ ಎಂದರೆ ಬೇರಿಂಗ್ ಹೋಗಿದೆ. ಮುಂದಿನ ಚಕ್ರಕ್ಕೂ ಇದೇ ಕ್ರಮ. ಕೇಬಲ್ ಸ್ಪೀಡೋಮೀಟರ್ ಇರುವ ಗಾಡಿಯಲ್ಲಿ ಕೇಬಲ್ಲನ್ನು ಹಬ್ಬಿನಿಂದ ಬಿಚ್ಚಿ ಒಮ್ಮೆ ಓಡಿಸಿ. ಸದ್ದು ಹೋದರೆ ಒಣಗಿದ ಕೇಬಲ್ ಅಥವಾ ಸ್ಪೀಡೋ ಗೇರ್, ಗ್ರೀಸ್ ಹಚ್ಚಿದರೆ ಮುಗಿಯಿತು. ಬ್ರೇಕನ್ನು ಬೆರಳಿನಷ್ಟು ಒತ್ತಿದಾಗ ಸ್ವರ ಬದಲಾದರೆ ಪ್ಯಾಡ್ ಅಥವಾ ಲೈನರ್ ಉಜ್ಜುತ್ತಿದೆ.

ಹೊಸ ಬೇರಿಂಗ್ ಹಾಕಿದ ವಾರದಲ್ಲೇ ಮತ್ತೆ ಗುಂಯ್ ಎಂದರೆ ಬೇರಿಂಗ್ ಬೈಯಬೇಡಿ, ಕೂರಿಸಿದ ಕೈಯನ್ನು ನೋಡಿ. ಹಬ್ಬಿನ ಒಳಗೆ ಎರಡು ಬೇರಿಂಗುಗಳ ನಡುವೆ ಒಂದು ಸ್ಪೇಸರ್ ಕೊಳವೆ ಇರುತ್ತದೆ. ಅದನ್ನು ಹಾಕಲು ಮರೆತರೆ, ತುಕ್ಕು ತಿಂದು ಗಿಡ್ಡವಾಗಿದ್ದರೆ, ಆಕ್ಸೆಲ್ ನಟ್ ಬಿಗಿದಷ್ಟೂ ಬೇರಿಂಗುಗಳ ಒಳಬಳೆಗಳು ಒಂದರ ಕಡೆಗೊಂದು ಸರಿದು ಗುಂಡುಗಳನ್ನು ಹಿಂಡುತ್ತವೆ. ಕ್ರಮ ಹೀಗೆ: ಒಂದು ಬದಿಯ ಬೇರಿಂಗನ್ನು ಕೊನೆಯವರೆಗೆ ಕೂರಿಸಿ, ಕೊಳವೆ ಹಾಕಿ, ಇನ್ನೊಂದನ್ನು ಕೊಳವೆಗೆ ತಾಗುವವರೆಗೆ ಮಾತ್ರ ಇಳಿಸಿ. ಹೊಡೆಯುವುದಾದರೆ ಹೊರಬಳೆಯ ಮೇಲೆ ಮಾತ್ರ, ಅದೂ ಹಳೆಯ ಬೇರಿಂಗನ್ನೋ ಸಾಕೆಟನ್ನೋ ನಡುವೆ ಇಟ್ಟು. 6301 ನಂಬರಿನದಕ್ಕೆ ಹೊರ ಅಳತೆ 37 ಮಿ.ಮೀ., 6202ಕ್ಕೆ 35 ಮಿ.ಮೀ. ಚಕ್ರಕ್ಕೆ ಎರಡೂ ಬದಿ ರಬ್ಬರ್ ಸೀಲ್ ಇರುವ 2ಆರ್‌ಎಸ್ ಗುರುತಿನದೇ ಬೇಕು, ನಮ್ಮ ಮಳೆಗೆ ಬೇರೆ ಯಾವುದೂ ತಡೆಯುವುದಿಲ್ಲ.

ಇಂಜಿನ್ ಒಳಗೇ ಇದ್ದರೆ

ಪ್ರೈಮರಿ ಗೇರಿನ ಗುಂಯ್ ಎಲ್ಲವೂ ರೋಗವಲ್ಲ. ನೇರ ಹಲ್ಲಿನ ಗೇರ್ ಇರುವ ಇಂಜಿನ್ ಹೊಸತರಲ್ಲೇ ಸಣ್ಣಗೆ ಹಾಡುತ್ತದೆ. ಅದೇ ಮಾದರಿಯ ಇನ್ನೊಂದು ಗಾಡಿಯ ಪಕ್ಕ ನಿಲ್ಲಿಸಿ ಹೋಲಿಸುವುದು ಒಳ್ಳೆಯ ಉಪಾಯ. ಆದರೆ ಪ್ರೈಮರಿ ಗೇರಿನ ಜೋಡಿ ಹಲ್ಲಿರುವ ಕ್ಲಚ್ ಹೌಸಿಂಗ್ ಬದಲಿಸಿದ ಮೇಲೆ ಶುರುವಾದ ಸದ್ದಿಗೆ ಕಾರಣ ಬೇರೆ. ಹಳೆಯ ಗೇರಿಗೆ ಹೊಸ ಹಲ್ಲು ಒಗ್ಗಿಲ್ಲ, ಎರಡನ್ನೂ ಜೋಡಿಯಾಗಿ ಬದಲಿಸಬೇಕಿತ್ತು.

ಟೈಮಿಂಗ್ ಚೈನ್ ಸಡಿಲವಾದರೆ ಗರಗರ, ಅತಿಬಿಗಿಯಾದರೆ ಗುಂಯ್. ಹೆಡ್ ಕೆಲಸದ ನಂತರ ಸದ್ದು ಬಂದರೆ ಮೊದಲು ಈ ಚೈನನ್ನು ಬಿಗಿ ಹಿಡಿಯುವ ಟೆನ್ಷನರ್ ನೋಡಿ. ಅದನ್ನು ಬಿಚ್ಚಿಟ್ಟಿರುವಾಗ ಕಿಕ್ಕರ್ ಮುಟ್ಟಬಾರದು, ಚೈನ್ ಹಲ್ಲು ಹಾರಿದರೆ ವಾಲ್ವ್ ಬಾಗುತ್ತದೆ. ಹಳೆಯ ಕಬ್ಬಿಣದ ಬ್ಯಾರಲ್ ಬುಲೆಟ್‌ನಲ್ಲಿ ಟೈಮಿಂಗ್ ಚೈನೇ ಇಲ್ಲ, ಗೇರುಗಳ ಸಾಲು. ಅಲ್ಲೂ ಬಿಗಿಯಾದರೆ ಗುಂಯ್, ಸಡಿಲವಾದರೆ ಕಟಕಟ.

ಸೆಲ್ಫ್ ಒತ್ತಿ ಇಂಜಿನ್ ಹಿಡಿದ ಮೇಲೂ ಕೊಂಯ್ ಎಂದು ಎಳೆಯುತ್ತಿದ್ದರೆ ಮ್ಯಾಗ್ನೆಟ್ ಹಿಂದಿನ ಒನ್‌ವೇ ಕ್ಲಚ್ ಬಿಡುತ್ತಿಲ್ಲ. ಎರಡು ದಿನ ಕಿಕ್ ಹೊಡೆದು ಸ್ಟಾರ್ಟ್ ಮಾಡಿ ನೋಡಿದರೆ ಖಚಿತವಾಗುತ್ತದೆ.

ಕ್ರ್ಯಾಂಕ್ ಬೇರಿಂಗಿನ ಸದ್ದು ನ್ಯೂಟ್ರಲ್‌ನಲ್ಲೂ ಇರುತ್ತದೆ, ಕ್ಲಚ್‌ಗೆ ಬಗ್ಗುವುದಿಲ್ಲ, ಇಂಜಿನ್ ಬಿಸಿಯಾದಂತೆ ದಪ್ಪವಾಗುತ್ತದೆ, ಫುಟ್‌ರೆಸ್ಟ್‌ನಲ್ಲಿ ನಡುಕ ತರುತ್ತದೆ. ಮ್ಯಾಗ್ನೆಟ್ ಕವರ್ ಬಿಚ್ಚಿ ರೋಟರನ್ನು ಮೇಲೆ ಕೆಳಗೆ ಎತ್ತಿ ನೋಡಿ. ಕೈಗೆ ಆಟ ಸಿಕ್ಕಿದರೆ ಇಂಜಿನ್ ಪೂರ್ತಿ ಬಿಚ್ಚಬೇಕು. ಬಿಚ್ಚಿದ ಮೇಲೆ ಒಂದನ್ನೇ ಬದಲಿಸಿ ಮುಚ್ಚಬೇಡಿ. ಕ್ರ್ಯಾಂಕಿನ ಎರಡೂ ಬೇರಿಂಗ್, ಗೇರ್‌ಬಾಕ್ಸ್ ಬೇರಿಂಗ್‌ಗಳು, ಎಲ್ಲ ಸೀಲು ಮತ್ತು ಪ್ಯಾಕಿಂಗ್ ಒಟ್ಟಿಗೆ ಹೊಸತಾಗಲಿ.

ನಂಬರ್ ಸರಿಯಿದ್ದರೂ ತಪ್ಪು ಬೇರಿಂಗ್ ಹಾಕಬಹುದು. ಹಳೆಯದರ ಮೇಲೆ ನಂಬರಿನ ಜೊತೆ ಸಿ3 ಎಂದಿದ್ದರೆ ಹೊಸದರಲ್ಲೂ ಅದೇ ಬೇಕು. ಸಿ3 ಎಂದರೆ ಗುಂಡುಗಳಿಗೆ ಒಳಗೆ ಹೆಚ್ಚು ಸಡಿಲ ಕೊಟ್ಟಿದ್ದಾರೆ ಎಂದರ್ಥ, ಬಿಸಿಗೆ ಹಿಗ್ಗಲು ಜಾಗ ಬೇಕಲ್ಲ. ಅದರ ಬದಲು ಸಾಮಾನ್ಯದ್ದು ಹಾಕಿದರೆ ಬಿಸಿಯಾದಾಗ ಬಿಗಿದು ಹಾಡತೊಡಗುತ್ತದೆ. ಇಂಜಿನ್ ಒಳಗೆ ಸೀಲ್ ಇಲ್ಲದ ಬೇರಿಂಗ್ ಇರುವಲ್ಲಿ 2ಆರ್‌ಎಸ್ ಹಾಕಬಾರದು, ಆಯಿಲ್ ಒಳಗೆ ಹೋಗುವುದೇ ಇಲ್ಲ. ಕೇಸಿಂಗನ್ನು ಸುಮಾರು 100 ಡಿಗ್ರಿಗೆ ಕಾಯಿಸಿ, ಬೇರಿಂಗನ್ನು ಫ್ರೀಜರ್‌ನಲ್ಲಿಟ್ಟು ತೆಗೆದರೆ ಹೆಚ್ಚಿನವು ಕೈಯೊತ್ತಿಗೇ ಕೂರುತ್ತವೆ. ಕೇಸಿಂಗಿಗೆ ಬಿಗಿಯಾಗಿ ಕೂರುವ ಬೇರಿಂಗಿನ ಒಳಬಳೆಗೆ ಸುತ್ತಿಗೆ ಏಟು ಬಿದ್ದರೆ ಗುಂಡುಗಳು ಬಳೆಯಲ್ಲಿ ಕಣ್ಣಿಗೆ ಕಾಣದ ಗುಳಿ ಮಾಡುತ್ತವೆ. ಇಂಜಿನ್ ಕೆಲಸ ಮುಗಿದ ದಿನವೇ ಕೇಳುವ ಹೊಸ ಗುಂಯ್ ಹೆಚ್ಚಾಗಿ ಈ ಗುಳಿಗಳದ್ದು.

ಗೇರೂ ಅಲ್ಲ, ಬೇರಿಂಗೂ ಅಲ್ಲ

2020ರ ಏಪ್ರಿಲ್‌ನಿಂದ ಬಂದ ಬಿಎಸ್6 ಹೊಗೆ ನಿಯಮದ ಗಾಡಿಗಳಲ್ಲಿ ಹೆಚ್ಚಿನವು ಪೆಟ್ರೋಲ್ ಇಂಜೆಕ್ಷನ್‌ನವು. ಕೀ ಆನ್ ಮಾಡಿದಾಗ ಟ್ಯಾಂಕಿನಿಂದ ಎರಡು ಮೂರು ಸೆಕೆಂಡು ಕೇಳುವ ಸುಂಯ್ ಪೆಟ್ರೋಲ್ ಪಂಪಿನದ್ದು, ಅದು ಇರಲೇಬೇಕು. ಓಡುವಾಗಲೂ ಜೋರಾಗಿ ಅರಚಿದರೆ ಮೊದಲು ಪೆಟ್ರೋಲ್ ತುಂಬಿಸಿ, ಹೋಗದಿದ್ದರೆ ಫಿಲ್ಟರ್ ನೋಡಿಸಿ. ಸಿಳ್ಳೆಯಂಥ ಸದ್ದಾದರೆ ಕಾರ್ಬುರೇಟರ್ ಅಥವಾ ಥ್ರಾಟಲ್ ಬಾಡಿಗೂ ಇಂಜಿನ್ನಿಗೂ ನಡುವಿನ ರಬ್ಬರ್ ಬಿರುಕು ಬಿಟ್ಟಿರಬಹುದು. ಐಡಲ್‌ನಲ್ಲಿ ಅಲ್ಲಿ ಸಾಬೂನು ನೀರು ಸಿಂಪಡಿಸಿ. ಸಿಳ್ಳೆ ಅಥವಾ ಆರ್‌ಪಿಎಂ ಬದಲಾದರೆ ಬಿರುಕು ಅಲ್ಲೇ. ಪೆಟ್ರೋಲ್ ಸಿಂಪಡಿಸುವ ಹಳೆಯ ಅಭ್ಯಾಸ ಬಿಸಿ ಇಂಜಿನ್ನಿಗೆ ಬೆಂಕಿ ಇಟ್ಟಂತೆ.

ಬಿಚ್ಚುವ ಮುನ್ನ ಆಯಿಲನ್ನು ಕೇಳಿ

ಬಿಸಿ ಆಯಿಲನ್ನು ಸ್ವಚ್ಛ ಬಟ್ಟಲಿಗೆ ಇಳಿಸಿ, ಹಳೆಯ ಬಿಳಿ ಪಂಚೆಯ ತುಂಡಿನಲ್ಲಿ ಸೋಸಿ. ಉಳಿದ ಕಸಕ್ಕೆ ಒಂದು ಅಯಸ್ಕಾಂತ ಹಿಡಿಯಿರಿ. ಅಂಟದ ಬೆಳ್ಳಿಪುಡಿ ಅಲ್ಯೂಮಿನಿಯಂ, ಪಿಸ್ಟನ್ನಿನದೋ ಕೇಸಿಂಗಿನದೋ. ಕಪ್ಪು ನಾರು ಕ್ಲಚ್ ಪ್ಲೇಟಿನದ್ದು, ಅಂಜಬೇಕಾಗಿಲ್ಲ. ಬೂದಿಯಷ್ಟು ನುಣ್ಣಗೆ ಅಂಟುವ ಕಬ್ಬಿಣ ಮಾಮೂಲಿ ಸವೆತ. ಹೊಸ ಆಯಿಲ್ ಹಾಕಿ 500 ಕಿ.ಮೀ. ಬಿಟ್ಟು ಮತ್ತೆ ಸೋಸಿ ಹೋಲಿಸಬಹುದು. ಮೀನಿನ ಪೊರೆಯ ಹಾಗೆ ತೆಳುವಾಗಿ, ಚೂರುಚೂರಾಗಿ ಅಯಸ್ಕಾಂತಕ್ಕೆ ಅಂಟಿದರೆ ಬೇರಿಂಗಿನ ಬಳೆಯೋ ಗೇರಿನ ಹಲ್ಲೋ ಕಳಚತೊಡಗಿದೆ. ಅಂಥ ಗಾಡಿಯನ್ನು ಓಡಿಸಿಕೊಂಡು ಗ್ಯಾರೇಜಿಗೆ ಹೋಗಬೇಡಿ, ಗೂಡ್ಸ್ ಟೆಂಪೋದಲ್ಲಿ ಹಾಕಿ ಕಳಿಸಿ. ಬಟ್ಟೆಯ ತುಂಡನ್ನೂ ಜೊತೆಗೆ ಕೊಡಿ.